ತಿಂಡಿಯ ಲೆಕ್ಕ ಒಗ್ಗರಣೆಯಿಂದ ಶುರು

ಕಳೆದ ತಿಂಗಳು ಒಂದು ಭಾನುವಾರ ಉಪ್ಪಿಟ್ಟಿಗೆ ಬಾಣಲೆ ಇಡುವ ಮೊದಲು ಎಣ್ಣೆಯ ಗಿಂಡಿಯನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಂಡೆ. ಆಮೇಲೆ ಎಂದಿನಂತೆ ಕೈ ಅಂದಾಜಿನಲ್ಲೇ ಎಣ್ಣೆ ಸುರಿದು ಒಗ್ಗರಣೆ ಮಾಡಿದೆ. ಗಿಂಡಿಯನ್ನು ಮತ್ತೆ ತೂಗಿದಾಗ 54 ಗ್ರಾಂ ಇಳಿದಿತ್ತು. ನಾಲ್ಕು ಜನಕ್ಕೆಂದು ಹಾಕಿದ್ದ ರವೆ 200 ಗ್ರಾಂ. ಅಂದರೆ ರವೆಯಿಂದ ಸುಮಾರು 700 ಕ್ಯಾಲೊರಿ, ಎಣ್ಣೆಯೊಂದರಿಂದಲೇ 480ಕ್ಕೂ ಹೆಚ್ಚು. ಹಾಗಂತ ಉಪ್ಪಿಟ್ಟು ಜಿಡ್ಡುಜಿಡ್ಡಾಗಿ ಕಾಣಲಿಲ್ಲ. ರವೆ ಅಷ್ಟೂ ಎಣ್ಣೆಯನ್ನು ಕುಡಿದು ತೆಪ್ಪಗಿತ್ತು.

ಹೀಗೆ ತೂಗಲು ಕೂತದ್ದು ತಂಗಿ ಕೇಳಿದ ಒಂದು ಪ್ರಶ್ನೆಯಿಂದ. ಅವಳದು ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಈಗ ತೂಕ ಇಳಿಸಲು ಹೊರಟಿದ್ದಾಳೆ. “ಅಕ್ಕಾ, ಬೆಳಿಗ್ಗೆ ಎರಡು ಇಡ್ಲಿ ತಿನ್ನಲಾ, ಮೂರು ತಿನ್ನಲಾ?” ಅಂತ ಫೋನ್ ಮಾಡಿದ್ದಳು. ನಮ್ಮಲ್ಲಿ ತಿಂಡಿಯನ್ನು ಅಳೆಯುವುದೇ ಎಣಿಕೆಯಲ್ಲಿ: ಎರಡು ದೋಸೆ, ಮೂರು ಇಡ್ಲಿ, ಒಂದು ತಟ್ಟೆ ಅವಲಕ್ಕಿ. ಆ ಎಣಿಕೆಯೊಳಗೆ ಏನಿದೆ ಎಂದು ಬಿಡಿಸಿ ನೋಡದೆ ಅವಳಿಗೆ ಉತ್ತರ ಹೇಳುವಂತಿರಲಿಲ್ಲ.

ಮೊದಲು ಇಡೀ ದಿನದ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಹೆಚ್ಚು ಓಡಾಟವಿಲ್ಲದ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 1,660 ಕ್ಯಾಲೊರಿ ಬೇಕು, 65 ಕಿಲೋ ತೂಕದ ಗಂಡಸಿಗೆ 2,110. ತೂಕ ನಿಧಾನವಾಗಿ ಇಳಿಯಬೇಕೆಂದರೆ ಇದರಲ್ಲಿ ಮುನ್ನೂರು ನಾನೂರು ಕಡಿಮೆ ಮಾಡಿಕೊಳ್ಳಬಹುದು. ತಂಗಿಗೆ ಸುಮಾರು 1,400 ಎಂದಿಟ್ಟುಕೊಂಡೆವು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಕಾಫಿಯ ಜೊತೆ ಏನಾದರೂ, ರಾತ್ರಿ ಊಟ ಎನ್ನುವ ಮನೆಗಳಲ್ಲಿ ತಿಂಡಿಗೆ ದಿನದ ಕಾಲು ಭಾಗ ಇಡುವುದು ಸರಿಹೋಗುತ್ತದೆ. ಅವಳಿಗೆ ಅದು 350. ಅವಳ ಗಂಡ 1,700ರ ಲೆಕ್ಕ ಹಿಡಿದರೆ ಅವನ ತಿಂಡಿಗೆ 425. ಸಂಜೆ ಏನನ್ನೂ ಬಾಯಿಗೆ ಹಾಕದವರು ಮೂರನೇ ಒಂದು ಭಾಗವನ್ನೇ ಬೆಳಿಗ್ಗೆ ತಿನ್ನಲಿ, ತೊಂದರೆಯಿಲ್ಲ. ಗದ್ದೆಯಲ್ಲಿ, ಕಟ್ಟಡದ ಕೆಲಸದಲ್ಲಿ ಮೈಮುರಿದು ದುಡಿಯುವವರಿಗೆ ಈ ಅಂಕಿಗಳು ಸಲ್ಲವು. ಅವರಿಗೆ ಬೇಕಾದದ್ದು ಇದಕ್ಕಿಂತ ಬಹಳ ಹೆಚ್ಚು.

ಈಗ ಇಡ್ಲಿಗೆ ಬರೋಣ. ಪೊಟ್ಟಣದ ಮೇಲಿನ ಅಂಕಿಯನ್ನೋ ಫೋನಿನ ಆ್ಯಪ್ ಹೇಳುವುದನ್ನೋ ನಂಬುವುದಕ್ಕಿಂತ ನೆನೆಹಾಕುವಾಗಲೇ ತೂಗುವುದು ಸುಲಭ. ಅಕ್ಕಿ 300 ಗ್ರಾಂ, ಉದ್ದಿನಬೇಳೆ 100 ಗ್ರಾಂ. ಒಣ ಧಾನ್ಯ, ಬೇಳೆ ಯಾವುದೇ ಇರಲಿ, 100 ಗ್ರಾಂಗೆ ಹೆಚ್ಚುಕಡಿಮೆ 350 ಕ್ಯಾಲೊರಿ. ನೀರಿಗೆ ಕ್ಯಾಲೊರಿ ಇಲ್ಲ. ರುಬ್ಬಿದರೂ ಹುದುಗಿದರೂ ಮೊತ್ತ ಹೆಚ್ಚು ಬದಲಾಗುವುದಿಲ್ಲ. ಆ ಹಿಟ್ಟಿನಲ್ಲಿ ನಮ್ಮ ಮನೆಯ ತಟ್ಟೆಗೆ 24 ಇಡ್ಲಿ ಬಂತು. ಒಂದಕ್ಕೆ 60ರೊಳಗೇ. ಮೂರು ತಿಂದರೂ 180 ದಾಟುವುದಿಲ್ಲ. ಇಡ್ಲಿಗೆ ಹೆದರಬೇಕಾದ್ದೇ ಇಲ್ಲ.

ಚಟ್ನಿಯ ಲೆಕ್ಕ ಬೇರೆ. ಹಸಿ ತೆಂಗಿನಕಾಯಿಯ 100 ಗ್ರಾಂನಲ್ಲಿ 350ರಿಂದ 400 ಕ್ಯಾಲೊರಿ, ಅದರ ಬಹುಪಾಲು ಕೊಬ್ಬು. ಒಂದು ಹಿಡಿ ತುರಿ, ಅಂದರೆ 20 ಗ್ರಾಂ, ಜೊತೆಗೆ ಸ್ವಲ್ಪ ಹುರಿಗಡಲೆ, ಮೇಲೆ ಅರ್ಧ ಚಮಚ ಎಣ್ಣೆಯ ಒಗ್ಗರಣೆ ಸೇರಿದರೆ ಒಂದು ಸೌಟು ಗಟ್ಟಿ ಚಟ್ನಿಗೆ 115ರ ಹತ್ತಿರ. ಎರಡು ಇಡ್ಲಿಗೆ ಸಮ! ಇಡ್ಲಿ ಎರಡೇ ಸಾಕೆಂದು ತಟ್ಟೆ ಸರಿಸಿ, ಚಟ್ನಿಯನ್ನು ಮಾತ್ರ ಮೂರು ಸಲ ಹಾಕಿಸಿಕೊಳ್ಳುವವರು ಉಳಿಸಿದ್ದು ಏನೂ ಇಲ್ಲ. ಚಟ್ನಿ ಅರ್ಧ ಸೌಟಿಗೆ ನಿಲ್ಲಲಿ, ಬೇಳೆ ಗಟ್ಟಿಯಿರುವ ಸಾಂಬಾರ್ ಒಂದು ಬಟ್ಟಲು ತುಂಬ ಇರಲಿ. ಹೀರೆಕಾಯಿ ಸಿಪ್ಪೆಯ ಚಟ್ನಿ, ಟೊಮೆಟೊ ಚಟ್ನಿ ಮಾಡಿದ ದಿನ ಕಾಯಿ ಎರಡು ಚಮಚ ಸಾಕಾಗುತ್ತದೆ; ಅವತ್ತು ಸೌಟು ತುಂಬ ಹಾಕಿಕೊಳ್ಳಿ. ನನಗಂತೂ ಸಿಪ್ಪೆ ಚಟ್ನಿಯೇ ಇಷ್ಟ.

ದೋಸೆಯನ್ನು ತೂಗಿಸುವುದೂ ಎಣ್ಣೆಯೇ. ಒಂದು ಸೌಟು ಹಿಟ್ಟಿಗೆ ಸುಮಾರು 105, ಸುತ್ತ ಬಿಡುವ ಒಂದು ಚಹಾ ಚಮಚ ಎಣ್ಣೆಗೆ 40ರಿಂದ 45. ಕೊಬ್ಬಿನ ಒಂದೊಂದು ಗ್ರಾಂನಲ್ಲಿ 9 ಕ್ಯಾಲೊರಿ ಇರುತ್ತದೆ. ಪಿಷ್ಟ ಮತ್ತು ಪ್ರೋಟೀನಿನ ಗ್ರಾಂನಲ್ಲಿ 4. ಅದಕ್ಕೇ ಕಣ್ಣಿಗೆ ಕಾಣದ ಎಣ್ಣೆ ಲೆಕ್ಕವನ್ನು ಅಷ್ಟು ಬೇಗ ಕೆಡಿಸುತ್ತದೆ. ಬೆಣ್ಣೆ ದೋಸೆಯ ಮೇಲೆ ಕರಗುವ ಒಂದು ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ. ದಾವಣಗೆರೆಗೆ ಹೋದವರು ಅದನ್ನು ಬಿಟ್ಟು ಬರಬೇಕು ಅಂತ ನಾನು ಹೇಳುವುದಿಲ್ಲ. ಖುಷಿಯಿಂದ ತಿಂದು, ಮಧ್ಯಾಹ್ನ ಮಜ್ಜಿಗೆ, ಕೋಸಂಬರಿಯಲ್ಲಿ ಮುಗಿಸಿದರಾಯಿತು.

ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಈ ಎಣ್ಣೆಯ ತಾಪತ್ರಯವೇ ಇಲ್ಲ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ ಸುಮಾರು 170. ಜೊತೆಗೆ ಕಾಳಿನ ಪಲ್ಯ, ಒಂದು ಚಮಚ ಶೇಂಗಾ ಚಟ್ನಿಪುಡಿ, ಮೊಸರು. ಅಳತೆಯ ತಿಂಡಿಗೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ. ಓಟ್ಸ್ ತಂದರೆ ಕ್ಯಾಲೊರಿ ಇಳಿಯುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು: ಅದರಲ್ಲಿ ನಾರಿನಂಶ ಹೆಚ್ಚು, ನಿಜ, ಆದರೆ ತೂಕಕ್ಕೆ ತೂಕ ಇಟ್ಟರೆ ಕ್ಯಾಲೊರಿ ರವೆಗಿಂತ ಕಡಿಮೆಯಿಲ್ಲ.

ಉಪ್ಪಿಟ್ಟನ್ನೂ ಸರಿಮಾಡಿದೆ. ಎಣ್ಣೆಯನ್ನು ನಾಲ್ಕು ಚಹಾ ಚಮಚಕ್ಕೆ ಇಳಿಸಿದ ಮೊದಲ ದಿನ, “ಇದೇನಮ್ಮ, ಮುದ್ದೆಯಾಗಿದೆ” ಅಂದರು ಅತ್ತೆ. ಮುಂದಿನ ಸಲ ರವೆಯನ್ನು ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ, ಘಮ ಬರುವ ತನಕ ಹುರಿದು ಬೇರೆ ತೆಗೆದಿಟ್ಟೆ, ಉದುರುದುರಾಗಿ ಬಂತು. ಅವರೆಕಾಯಿ ಕಾಲದಲ್ಲಿ ಕಾಳನ್ನು ಧಾರಾಳವಾಗಿ ಹಾಕಿ ರವೆಯನ್ನೇ ಸ್ವಲ್ಪ ಕಡಿಮೆ ಮಾಡಬಹುದು. ಒಬ್ಬೊಬ್ಬರ ತಟ್ಟೆಯಲ್ಲಿ ಎಣ್ಣೆಯ ಪಾಲು 120 ಕ್ಯಾಲೊರಿಯಿಂದ 45ಕ್ಕೆ ಇಳಿಯಿತು.

ಕಾಫಿಯನ್ನು ಯಾರೂ ತಿಂಡಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. 100 ಮಿಲಿ ಹಸುವಿನ ಹಾಲು, ಎರಡು ಚಮಚ ಸಕ್ಕರೆ ಎಂದರೆ 100ರ ಮೇಲಾಯಿತು. ಎದ್ದ ಕೂಡಲೇ ಒಂದು ಲೋಟ, ತಿಂಡಿಯ ಜೊತೆ ಇನ್ನೊಂದು ಕುಡಿದರೆ ತಂಗಿಯ 350ರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು. ಸಕ್ಕರೆ ಬಿಡಲು ಆಗದವರು ಲೋಟವನ್ನಾದರೂ ಚಿಕ್ಕದು ಮಾಡಿಕೊಳ್ಳಲಿ.

ತಿಂಡಿಯನ್ನೇ ಬಿಟ್ಟುಬಿಟ್ಟರೆ ಹೇಗೆ? ಬೆಳಿಗ್ಗೆ ರಾಜನ ಹಾಗೆ ತಿನ್ನಬೇಕು ಎನ್ನುವವರೂ ಇದ್ದಾರೆ, ಮಧ್ಯಾಹ್ನದವರೆಗೆ ಉಪವಾಸವಿರಿ ಎನ್ನುವವರೂ ಇದ್ದಾರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಣಕಲು ಮೈಕಟ್ಟಿನ ಕೆಲವರು ಆರು ವಾರ 11 ಗಂಟೆಯೊಳಗೆ 700 ಕ್ಯಾಲೊರಿಯಾದರೂ ತಿಂದರು, ಉಳಿದವರು ಮಧ್ಯಾಹ್ನದವರೆಗೆ ಏನೂ ತಿನ್ನಲಿಲ್ಲ. ತಿಂದವರ ಓಡಾಟ ಹೆಚ್ಚಿತು, ಆದರೆ ತೂಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಬೀಳಲಿಲ್ಲ. ಇಂಥ 13 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2019ರ ಒಂದು ವಿಮರ್ಶೆಯಲ್ಲಿ, ತಿಂಡಿ ತಿನ್ನುವವರ ದಿನದ ಒಟ್ಟು ಸೇವನೆ ಸುಮಾರು 260 ಕ್ಯಾಲೊರಿ ಹೆಚ್ಚೇ ಇತ್ತು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟು ಆಹಾರವನ್ನು ಅಷ್ಟೇ ಇಟ್ಟು, ನಾಲ್ಕು ವಾರ ಬೆಳಿಗ್ಗೆ ಹೆಚ್ಚು, ನಾಲ್ಕು ವಾರ ರಾತ್ರಿ ಹೆಚ್ಚು ಕೊಟ್ಟರು. ತೂಕ ಎರಡರಲ್ಲೂ ಒಂದೇ ಸಮ ಇಳಿಯಿತು, ಬೆಳಿಗ್ಗೆ ಹೆಚ್ಚು ತಿಂದ ವಾರಗಳಲ್ಲಿ ಹಸಿವು ಮಾತ್ರ ಕಡಿಮೆಯಿತ್ತು.

ಇದರಿಂದ ನನಗೆ ತಿಳಿದದ್ದು ಇಷ್ಟು. ನಿಜವಾಗಿ ಹಸಿವಿಲ್ಲದವರು ತೂಕ ಇಳಿಯಲೆಂದು ಬಲವಂತವಾಗಿ ತಿಂಡಿ ತಿನ್ನಬೇಕಿಲ್ಲ. ಸಂಜೆ ಐದಕ್ಕೆ ಬೋಂಡ, ಚಕ್ಕುಲಿ ಡಬ್ಬಿಯ ಕಡೆ ಕೈ ಹೋಗುವವರು ಮಾತ್ರ ತಿಂಡಿ ಬಿಡುವುದು ಬೇಡ, ಬದಲಿಗೆ ಇನ್ನಷ್ಟು ಗಟ್ಟಿ ಮಾಡಿಕೊಳ್ಳಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ತಾವಾಗಿ ತಿಂಡಿ ಬಿಡುವುದಾಗಲಿ ಅರ್ಧ ಮಾಡುವುದಾಗಲಿ ಅಪಾಯ: ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು. ಮೊದಲು ವೈದ್ಯರ ಜೊತೆ ಮಾತಾಡಿ. ಬಸುರಿಯರು, ಮೊಲೆಯೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ಲೆಕ್ಕಕ್ಕೇ ಬರಬಾರದು.

ಕೊನೆಗೆ ತಂಗಿಗೆ ಹೇಳಿದ್ದು: ಮೂರು ಇಡ್ಲಿ, ಅರ್ಧ ಸೌಟು ಚಟ್ನಿ, ಒಂದು ಬಟ್ಟಲು ಸಾಂಬಾರ್, ಸಕ್ಕರೆಯಿಲ್ಲದ ಅರ್ಧ ಲೋಟ ಕಾಫಿ. 350ರ ಆಸುಪಾಸು. ಒಂದು ವಾರ, ಹಸಿವಾದ ಹೊತ್ತನ್ನು ಬರೆದಿಡು ಅಂದೆ. ಮೊದಲ ಮೂರು ದಿನ ಹನ್ನೊಂದೂವರೆಗೇ ಹೊಟ್ಟೆ ಚುರುಗುಟ್ಟಿತಂತೆ. ಒಂದು ಇಡ್ಲಿ ಕಡಿಮೆ ಮಾಡಿ ಬೇಯಿಸಿದ ಮೊಟ್ಟೆ ಸೇರಿಸಲು ಹೇಳಿದೆ. ಮೊಟ್ಟೆಯೊಂದಕ್ಕೆ 70ರಿಂದ 75 ಕ್ಯಾಲೊರಿ, ಆದರೆ 6 ಗ್ರಾಂ ಪ್ರೋಟೀನ್, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮೊಟ್ಟೆ ತಿನ್ನದ ಮನೆಯಲ್ಲಿ ಅದರ ಜಾಗಕ್ಕೆ ಒಂದು ಬಟ್ಟಲು ಮೊಳಕೆ ಹೆಸರುಕಾಳು ಬರಬಹುದು. “ಈಗ ಒಂದು ಗಂಟೆವರೆಗೆ ಊಟದ ನೆನಪೇ ಆಗಲ್ಲ ಅಕ್ಕಾ” ಅಂತ ನಿನ್ನೆ ಫೋನ್ ಮಾಡಿದ್ದಳು. ಅವಳ ಅಡುಗೆಮನೆಯ ಎಣ್ಣೆ ಗಿಂಡಿಯ ಪಕ್ಕದಲ್ಲೂ ಈಗ ಒಂದು ಚಹಾ ಚಮಚ ಇದೆಯಂತೆ.