ಗುದನಾಳದ ಕ್ಯಾನ್ಸರ್: ಸಣ್ಣ ಗಾಯದ ಶಸ್ತ್ರಚಿಕಿತ್ಸೆ ಮತ್ತು ಸೋಂಕಿನ ಎಚ್ಚರ



ಶಸ್ತ್ರಚಿಕಿತ್ಸೆಗೆ ಹೊರಟವರು ಶ್ರೀಮಠಕ್ಕೆ ಬಂದು ಪೂಜ್ಯರ ಆಶೀರ್ವಾದ ಪಡೆದು ಹೋಗುವುದು ನಮ್ಮಲ್ಲಿ ವಾಡಿಕೆ. ಗುದನಾಳದ, ಅಂದರೆ ದೊಡ್ಡ ಕರುಳಿನ ಕೊನೆಯ ಭಾಗದ ಕ್ಯಾನ್ಸರಿಗೆ ಈಗ ಲ್ಯಾಪರೊಸ್ಕೋಪಿ ಅಥವಾ ರೋಬೋಟ್ ನೆರವಿನ ಚಿಕಿತ್ಸೆ ಸಾಮಾನ್ಯವಾಗುತ್ತಿದೆ. "ನಾಲ್ಕೈದು ಸಣ್ಣ ತೂತು ಅಷ್ಟೇ, ಚಿಂತೆಯಿಲ್ಲ" ಎಂದು ಮನೆಯವರು ಹೇಳುವುದುಂಟು. ಈ ಮಾತು ಅರ್ಧ ಸತ್ಯ.

ಹೊಟ್ಟೆಯನ್ನು ಉದ್ದಕ್ಕೆ ಸೀಳದಿರುವುದರಿಂದ ಹೊರಗಾಯ ಕೀವುಗಟ್ಟುವುದು ಕಡಿಮೆ, ನೋವೂ ಕಡಿಮೆ, ರೋಗಿಯು ಬೇಗ ಎದ್ದು ಓಡಾಡಬಲ್ಲನು. ಆದರೆ ಒಳಗೆ ನಡೆಯುವ ಕಾರ್ಯ ಸಣ್ಣದಲ್ಲ. ರೋಗಗ್ರಸ್ತ ಭಾಗವನ್ನು ಕತ್ತರಿಸಿ ತೆಗೆದು, ಸಾಮಾನ್ಯವಾಗಿ ಉಳಿದ ತುದಿಗಳನ್ನು ಜೋಡಿಸುತ್ತಾರೆ. ದೇಹದಲ್ಲಿ ಅತಿ ಹೆಚ್ಚು ಸೂಕ್ಷ್ಮಾಣುಗಳಿರುವ ತಾಣವದು. ಜೋಡಣೆ ಸೋರಿದರೆ ಮಲದ ಅಂಶ ಕಿಬ್ಬೊಟ್ಟೆಗಿಳಿದು ಕೀವು ತುಂಬುತ್ತದೆ; ಸೋಂಕು ರಕ್ತಕ್ಕೇರಿದರೆ ಪ್ರಾಣಕ್ಕೇ ಸಂಚಕಾರ. ಎಂಟು ದೇಶಗಳ 30 ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ 'ಕಲರ್-2' ಅಧ್ಯಯನದಲ್ಲಿ, ಮೊದಲ 28 ದಿನಗಳಲ್ಲಿ ಒಂದಲ್ಲ ಒಂದು ತೊಡಕು ಕಂಡವರು ಲ್ಯಾಪರೊಸ್ಕೋಪಿಯಲ್ಲಿ ನೂರಕ್ಕೆ 40, ತೆರೆದ ಶಸ್ತ್ರಚಿಕಿತ್ಸೆಯಲ್ಲಿ 37. ಅಂದರೆ ಹೆಚ್ಚುಕಡಿಮೆ ಒಂದೇ.

ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಸೋರುವ ಭಯ ಹೆಚ್ಚು. ಮೊದಲೇ ವಿಕಿರಣ ಚಿಕಿತ್ಸೆ ಪಡೆದವರು, ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು, ಬಹಳ ಸೊರಗಿದವರು ಹೆಚ್ಚು ಎಚ್ಚರದಿಂದಿರಬೇಕು. ಇಂಥವರಿಗೆ ವೈದ್ಯರು ಕೆಲವು ತಿಂಗಳ ಮಟ್ಟಿಗೆ ಹೊಟ್ಟೆಯ ಮೇಲೆ ಮಲದ ಚೀಲ ಇಡುವುದುಂಟು. ನಾಚಿಕೆಯಿಂದ ಅದನ್ನು ಬೇಡವೆನ್ನುವವರಿದ್ದಾರೆ. ಜೋಡಣೆ ಸೋರಿದರೂ ಅದರ ಹಾನಿಯನ್ನು ತಗ್ಗಿಸುವ ಚೀಲವದು. ನಾಚಿಕೆಗೆ ಅಲ್ಲಿ ಸ್ಥಳವಿಲ್ಲ.

ಹಿಂದಿನ ದಿನ ಸೋಪು ಹಚ್ಚಿ ಸ್ನಾನ ಮಾಡಬೇಕು. ಮನೆಯಲ್ಲಿ ಬ್ಲೇಡಿನಿಂದ ಹೊಟ್ಟೆಯ ಕೂದಲು ಬೋಳಿಸಬಾರದು. ಕಣ್ಣಿಗೆ ಕಾಣದ ಗೀರುಗಳೇ ಸೋಂಕಿಗೆ ದಾರಿಯಾಗುತ್ತವೆ. ಕರುಳು ಶುದ್ಧಿಯ ಔಷಧವನ್ನೂ ಆಂಟಿಬಯೋಟಿಕ್ ಮಾತ್ರೆಯನ್ನೂ ಕೊಟ್ಟಿದ್ದರೆ ಹೇಳಿದ ಹೊತ್ತಿಗೇ ತೆಗೆದುಕೊಳ್ಳಬೇಕು.

ಭಕ್ತರು ನಮ್ಮನ್ನು ಹೆಚ್ಚಾಗಿ ಕೇಳುವುದು ಇಷ್ಟಲಿಂಗದ ವಿಷಯ. ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ಯುವ ಮುನ್ನ ಶಿವದಾರ, ಕರಡಿಗೆ ತೆಗೆಯಲು ಹೇಳಿದರೆ ಹಲವರ ಮನಸ್ಸು ನೋಯುತ್ತದೆ. ಒಡವೆ, ದಾರಗಳನ್ನೆಲ್ಲ ತೆಗೆಸುವುದು ಎಲ್ಲ ರೋಗಿಗಳಿಗೂ ಇರುವ ನಿಯಮ. ನಮ್ಮ ಆಚಾರಕ್ಕೆ ಮಾಡಿದ ಅಗೌರವವಲ್ಲ. ಮನೆಯ ಲಿಂಗವಂತರೊಬ್ಬರು ಮಡಿವಸ್ತ್ರದಲ್ಲಿ ಲಿಂಗವನ್ನು ಜೋಪಾನವಾಗಿಟ್ಟುಕೊಳ್ಳಲಿ. ವೈದ್ಯರು ಒಪ್ಪಿದ ಮೇಲೆ ಹೊಸ ಶಿವದಾರದೊಡನೆ ಮರಳಿ ಧರಿಸಬಹುದು. ಆ ಕೆಲವು ಗಂಟೆ ಭಾವಲಿಂಗದ ಅನುಸಂಧಾನವೇ ಸಾಕು. ಉಪವಾಸವಿರಲು ಹೇಳಿದ ಅವಧಿಯಲ್ಲಿ ಪಾದೋದಕವೂ ಬಾಯಿಗೆ ಹೋಗಬಾರದು. ವಿಭೂತಿಯನ್ನು ಹಣೆಗೆ ಧರಿಸಿರಿ, ಹೊಲಿಗೆಯ ಮೇಲೆ ಎಂದಿಗೂ ಹಚ್ಚಬೇಡಿರಿ. ಮಠದ ವಿಭೂತಿಯೆಂದರೂ ಬೇಡ.

ಮನೆಗೆ ಮರಳಿದ ಮೇಲೂ ಒಂದು ತಿಂಗಳು ಗಮನವಿರಬೇಕು. ಜ್ವರ, ಚಳಿನಡುಕ, ಎದೆಬಡಿತದ ವೇಗ, ಇಳಿಯುವ ಬದಲು ಏರುತ್ತಿರುವ ಹೊಟ್ಟೆನೋವು, ಹೊಟ್ಟೆಯುಬ್ಬರ, ಗಾಯದಿಂದ ಅಥವಾ ಗುದದ್ವಾರದಿಂದ ಕೀವು ಇಲ್ಲವೆ ದುರ್ವಾಸನೆಯ ಸ್ರಾವ: ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಹೊರಗಿನ ಹೊಲಿಗೆ ಒಣಗಿ ಚೆನ್ನಾಗಿ ಕಾಣುತ್ತಿರುವಾಗಲೇ ಒಳಗೆ ಕೀವು ತುಂಬಿರಬಹುದು. ಮೆಡಿಕಲ್ ಅಂಗಡಿಯ ಜ್ವರದ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ, ಡಿಸ್ಚಾರ್ಜ್ ಪತ್ರ ಹಿಡಿದು, ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಗೇ ಆ ರಾತ್ರಿಯೇ ಹೋಗಿರಿ. ಅದು ಬಹಳ ದೂರವಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ.