ಕೃಷ್ಣೆಯ ದಂಡೆಯಲ್ಲಿ ತೈಲವರ್ಣ

ಇಂಪ್ರೆಷನಿಸ್ಟ್ ಶೈಲಿಯ ನದಿಚಿತ್ರವೆಂದರೆ ಒಂದು ಹೊತ್ತಿನ ಬೆಳಕನ್ನು ನೀರಿನ ಮೇಲೆ ಹಿಡಿಯುವ ಕೆಲಸ. 1869ರಲ್ಲಿ ಮೋನೆ ಮತ್ತು ರೆನ್ವಾರ್ ಪ್ಯಾರಿಸ್ ಸಮೀಪದ ಸೇನ್ ನದಿಯ ದಂಡೆಯಲ್ಲಿ ಅಕ್ಕಪಕ್ಕ ಕೂತು, ನೀರಿನ ಹೊಳಪನ್ನು ಬಿಡಿಬಿಡಿ ಕುಂಚದೇಟುಗಳಲ್ಲಿ ಬರೆದರು. ಇವರ ಗುಂಪಿನ 1874ರ ಪ್ರದರ್ಶನದ ನಂತರ ಈ ಶೈಲಿಗೆ ಹೆಸರು ಬಿತ್ತು. ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ಪೇಟೆಂಟ್ ಪಡೆದ ತವರದ ಟ್ಯೂಬ್ ತೈಲವರ್ಣವನ್ನು ಬಯಲಿಗೆ ಒಯ್ಯುವುದನ್ನು ಸುಲಭ ಮಾಡಿತ್ತು. ಕರ್ನಾಟಕದಲ್ಲಿ ರುಮಾಲೆ ಚನ್ನಬಸವಯ್ಯ (1910–1988) ಬಯಲಲ್ಲೇ ನಿಂತು ನಿಸರ್ಗದೃಶ್ಯಗಳನ್ನು ಬರೆದವರಲ್ಲಿ ಪ್ರಮುಖರು.

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಸೀಮೆಯವರಿಗೆ ಅಭ್ಯಾಸಕ್ಕೆ ಕೃಷ್ಣೆಯೇ ಇದೆ. ನದಿ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಹೆಚ್ಚುಕಡಿಮೆ ಪೂರ್ವಕ್ಕೆ ಹರಿಯುತ್ತದೆ. ಹಾಗಾಗಿ ಮುಂಜಾನೆ ಹರಿವಿನ ದಿಕ್ಕಿಗೆ ಮುಖ ಮಾಡಿದರೆ ಎದುರುಬೆಳಕು. ಬಂಡೆಗಳು ಕಪ್ಪಾಗಿ, ನೀರು ಮಿರಿಮಿರಿ ಮಿಂಚುತ್ತದೆ. ಮುಂಗಾರಿನ ಪ್ರವಾಹದಲ್ಲಿ ನೀರು ಕೆಂಪು-ಕಂದು, ಪ್ರತಿಬಿಂಬ ಮಸುಕು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಚಳಿಗಾಲದ ಬೆಳಗ್ಗೆ ಕಲಿಯುವವರಿಗೆ ಅನುಕೂಲ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ತೋರುತ್ತವೆ. ಆದರೆ ನಡುಹಗಲಿನ ಬಿಸಿಲು ಬಣ್ಣಗಳನ್ನೆಲ್ಲ ತೊಳೆದುಬಿಡುತ್ತದೆ.

ಬಿಳಿ, ಹಳದಿ, ಓಕರ್, ಕೆಂಪು, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಒಂದು ಹಸಿರು: ಇಷ್ಟು ಬಣ್ಣ ಸಾಕು. ಕಪ್ಪು ಬೇಡ. ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಪ್ಪಿಗಿಂತ ಜೀವಂತವಾದ ಗಾಢ ಛಾಯೆ ಸಿಗುತ್ತದೆ. ಎರೆಭೂಮಿಯ ನೆರಳೂ ಬರಿ ಕಪ್ಪಲ್ಲ. ತೆರೆದ ಆಕಾಶದಡಿ ಅದರಲ್ಲಿ ನೀಲಿ, ನೇರಳೆ ಕಾಣುತ್ತವೆ. ಬಣ್ಣ ಕಲಸುವ ಎಣ್ಣೆ ಅಗಸೆಯದೇ. ಆದರೆ ಅಡುಗೆಯ ಗಾಣದೆಣ್ಣೆ ಬೇಡ, ಚಿತ್ರಕಲೆಗೆಂದೇ ಶುದ್ಧೀಕರಿಸಿದ್ದು ಬೇಕು.

ಪ್ರೈಮರ್ ಹಚ್ಚಿದ ಸಣ್ಣ ಕ್ಯಾನ್ವಾಸಿಗೆ ಮೊದಲು ತೆಳುವಾದ ಕಾವಿ ಬಳಿದು ಬಿಳುಪು ಮುಚ್ಚಬೇಕು. ಒಣಗಿದ ಮೇಲೆ ಆಕಾಶ, ಆಚೆ ದಂಡೆ, ನೀರು, ಈಚೆ ದಂಡೆ ಎಂಬ ನಾಲ್ಕೈದು ದೊಡ್ಡ ಭಾಗಗಳನ್ನಷ್ಟೇ ಗುರುತಿಸಬೇಕು. ಕಣ್ಣು ಕಿರಿದು ಮಾಡಿ ನೋಡಿದರೆ ವಿವರ ಮರೆಯಾಗಿ ಬೆಳಕು-ನೆರಳಿನ ಪಾಲು ತಿಳಿಯುತ್ತದೆ. ಗಾಢ ಭಾಗಗಳನ್ನು ಮೊದಲು ತೆಳುವಾಗಿ ಹಚ್ಚಿ, ಬೆಳಕಿನ ಭಾಗಗಳನ್ನು ದಪ್ಪ ಬಣ್ಣದಲ್ಲಿ ಕೊನೆಗೆ ಇಡುವುದು ಕ್ರಮ. ಪಕ್ಕಪಕ್ಕ ಇಟ್ಟ ಬಣ್ಣಗಳನ್ನು ತಿಕ್ಕಿ ಬೆರೆಸಬಾರದು; ದೂರದಿಂದ ನೋಡುವ ಕಣ್ಣೇ ಅವನ್ನು ಕೂಡಿಸುತ್ತದೆ. ಬೆಳಕು ಬದಲಾಗುವುದರಿಂದ ಒಂದು ಬೈಠಕ್ ಎರಡು ಗಂಟೆ ಮೀರಬಾರದು. ಮುಂದುವರಿಸುವುದಾದರೆ ಮರುದಿನ ಅದೇ ಹೊತ್ತಿಗೆ ಬರಬೇಕು.

ನೀರಿಗೆ ಒಂದು ನಿಯಮವಿದೆ. ಗಾಢ ವಸ್ತುವಿನ ಪ್ರತಿಬಿಂಬ ವಸ್ತುವಿಗಿಂತ ತುಸು ತಿಳಿ, ತಿಳಿ ವಸ್ತುವಿನದು ತುಸು ಗಾಢ. ಪ್ರತಿಬಿಂಬವನ್ನು ಲಂಬವಾಗಿ ಎಳೆದು, ಅದರ ಮೇಲೆ ಅಡ್ಡ ಅಲೆಗಳನ್ನು ಹಾಯಿಸಬೇಕು. ಅಲೆಗಳು ಹತ್ತಿರಕ್ಕೆ ಅಗಲ, ದೂರಕ್ಕೆ ಕಿರಿದು. ಅತಿ ಬಿಳಿಯ ಮಿಂಚು ಕೆಲವೇ ಚುಕ್ಕೆಗಳಲ್ಲಿರಲಿ. ಹೆಚ್ಚಾದರೆ ನೀರು ಹೊಳೆಯುವ ಬದಲು ಸುಣ್ಣ ಬಳಿದಂತಾಗುತ್ತದೆ.

ಅಗಸೆಯೆಣ್ಣೆ ಆರಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ. ತೆಳುವಾದ ಪದರಕ್ಕೆ ಕೆಲವು ದಿನ ಸಾಕು. ದಪ್ಪ ಚಿತ್ರಕ್ಕೆ ವಾರ್ನಿಷ್ ಹಚ್ಚುವ ಮುನ್ನ ಆರು ತಿಂಗಳಿಂದ ವರ್ಷದವರೆಗೆ ಕಾಯುವುದು ವಾಡಿಕೆ. ಗಟ್ಟಿಯಾಗುವಾಗ ಶಾಖ ಹುಟ್ಟುವುದರಿಂದ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ಬೆಂಕಿ ಹೊತ್ತಬಹುದು. ಅವನ್ನು ನೀರಲ್ಲಿ ನೆನೆಸಿ, ಮುಚ್ಚಳದ ಲೋಹದ ಡಬ್ಬಿಯಲ್ಲಿಡಬೇಕು. ಕುಂಚ ತೊಳೆದ ಟರ್ಪೆಂಟೈನನ್ನು ಹೊಳೆಗೆ ಚೆಲ್ಲಬಾರದು.

ಈ ಹರಿವಿನಲ್ಲಿ ಮೊಸಳೆಗಳಿವೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಹೊಳೆ ಬೇಗ ಏರುತ್ತದೆ. ಚಿತ್ರ ಬರೆಯಲು ಹೋಗುವವರು ನದಿಪಾತ್ರಕ್ಕೆ ಇಳಿಯದೆ, ಎತ್ತರದ ದಂಡೆಯ ಮೇಲೆಯೇ ಈಸೆಲ್ ಹೂಡಬೇಕು.