ವಿಸ್ಕಿಯ ಆಸ್ವಾದವೂ ಕನ್ನಡದ ಗಂಧವಾಚಕಗಳೂ

ಸವಿಯ ವಿಚಾರವು ಷಡ್ರಸಗಳಿಂದ ಮೊದಲಾಗುವುದು ಭಾರತೀಯ ಶಾಸ್ತ್ರಗಳ ರೂಢಿ. ಆದರೆ ವಿಸ್ಕಿಯ ತಾರತಮ್ಯವನ್ನು ಅರಿಯತಕ್ಕವರಿಗೆ ನಾಲಗೆಗಿಂತ ಮೂಗೇ ಮುಖ್ಯ ಪ್ರಮಾಣ. ಗಂಧವನ್ನು ಹೇಳುವ ಶಬ್ದಗಳು ಕನ್ನಡದಲ್ಲಿ ವಿರಳವೆಂದೂ, ಅದರಿಂದ ಪರದೇಶದ ಮಾತುಗಳನ್ನೇ ತರಬೇಕಾಗುವುದೆಂದೂ ಕೆಲವರು ಹೇಳುವುದುಂಟು. ಈ ಮಾತು ಪರೀಕ್ಷೆಗೆ ನಿಲ್ಲಲಾರದು.

ಪರೀಕ್ಷೆಯ ಕ್ರಮವು ಸರಳವಾದುದು. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಸ್ವಲ್ಪವೇ ಹೊಯ್ದು, ಬಣ್ಣವನ್ನು ನೋಡಿ, ಮೂಸಿ, ಕಿರುಗುಟುಕನ್ನು ಬಾಯಲ್ಲಿ ನಿಲ್ಲಿಸಿಕೊಂಡು, ಬಳಿಕ ಕೆಲವು ಹನಿ ನೀರನ್ನು ಬೆರಸಿ ಮತ್ತೆ ಮೂಸುವರು. ನೀರು ಬೆರಸುವುದು ಬರಿಯ ಆಚಾರವಲ್ಲ. ಹೊಗೆಯ ವಾಸನೆಯನ್ನು ಕೊಡುವ ಗ್ವಾಯಕಾಲ್ ಎಂಬ ದ್ರವ್ಯವು ಮದ್ಯಸಾರವು ನೂರಕ್ಕೆ 45ರಷ್ಟು ಅಥವಾ ಅದಕ್ಕಿಂತ ಕಡಿಮೆಯಿದ್ದಾಗ ಮೇಲ್ಮೈಯಲ್ಲಿ ನೆರೆಯುವುದೆಂದೂ, 59ನ್ನು ಮೀರಿದಾಗ ಒಳಕ್ಕೆ ಅಡಗುವುದೆಂದೂ 2017ರಲ್ಲಿ ಕಾರ್ಲ್‌ಸನ್, ಫ್ರೀಡ್‌ಮನ್ ಎಂಬ ಸ್ವೀಡನ್ನಿನ ವಿದ್ವಾಂಸರು ಗಣಕಯಂತ್ರದ ಲೆಕ್ಕದಿಂದ ತೋರಿಸಿದರು.

ಈ ಪಾನೀಯದಲ್ಲಿ ಕನ್ನಡನಾಡಿನ ಪಾಲೂ ಉಂಟು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೃತ್ ಭಟ್ಟಿಯ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋ ನಗರದ ಮಾರುಕಟ್ಟೆಯನ್ನು ಸೇರಿತು. ಭಾರತದ ಜವೆಯೊಡನೆ ಸ್ಕಾಟ್ಲೆಂಡಿನಲ್ಲಿ ಜೌಗುಮಣ್ಣಿನ ಹೊಗೆಯೂಡಿದ ಜವೆಯನ್ನು ಕೂಡಿಸಿ ಮಾಡಿದ ಅದರ ‘ಫ್ಯೂಷನ್’ಗೆ ಜಿಮ್ ಮರ್ರೆ ಎಂಬ ವಿಮರ್ಶಕನು ನೂರಕ್ಕೆ 97 ಅಂಕಗಳನ್ನು ಕೊಟ್ಟನು. ಪೀಪಾಯಿಯಿಂದ ಆವಿಯಾಗಿ ಹೋಗುವ ಅಂಶವು ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟಿದ್ದರೆ ಬೆಂಗಳೂರಿನಲ್ಲಿ ಹತ್ತನ್ನೂ ಮೀರುವುದು. ಅಲ್ಲಿಯವರು ಇದನ್ನು ದೇವತೆಗಳ ಪಾಲೆನ್ನುವರು. ಇಲ್ಲಿಯ ದೇವತೆಗಳು ತುಸು ಹೆಚ್ಚು ಬಾಯಾರಿದವರೆಂದು ತೋರುತ್ತದೆ. ಆದಕಾರಣ ಇಲ್ಲಿ ಪಕ್ವತೆಯೂ ಬೇಗ.

ಈಗ ಶಬ್ದಗಳ ಮಾತು. ನಾನಾದೇಶೀಯರು ನೆರೆಯುವ ಮಣಿಪಾಲದಂತಹ ವಿದ್ಯಾನಗರದಲ್ಲಿ ಹೆದರ್, ಪ್ಲಮ್ ಮೊದಲಾದ ಮಾತುಗಳು ನಡೆದಾವು. ಅವನ್ನು ಮೂಸಿ ಕಾಣದವನಿಗೆ ಅವು ಬರಿಯ ಸದ್ದು. ಓಕ್ ಮರದಿಂದ ಇಳಿಯುವ ಲ್ಯಾಕ್ಟೋನ್ ಎಂಬ ದ್ರವ್ಯದ ವಾಸನೆಯು ತೆಂಗಿನಕಾಯಿಯದೇ. ಉಡುಪಿಯವನಿಗೆ ಇದಕ್ಕೆ ಅನುವಾದವೇಕೆ? ಮೊಳೆತ ಜವೆಯ ಕಂಪಿಗೆ ಕುಚ್ಚಲಕ್ಕಿಗಾಗಿ ಭತ್ತ ಬೇಯುವ ಹಂಡೆಯ ಆವಿಯೂ, ಹೊಗೆಯ ಮದ್ಯಕ್ಕೆ ಒಲೆಯ ಮೇಲಣ ಅಟ್ಟದ ಕೊಬ್ಬರಿಯೂ, ಕಡಲ ಸೊಗಡಿಗೆ ಕಾಪುವಿನ ದಡದ ಒಣಮೀನೂ, ಕೊನೆಯ ಒಗರಿಗೆ ಗೇರುಹಣ್ಣೂ ಸಾಲವೆ? ಕಮ್ಮನೆ, ಕಮಟು, ಮುಗ್ಗಲು, ಸೀದದ್ದು, ಕನರು, ಸೊಗಡು ಎಂಬಿವು ಒಂದಕ್ಕೊಂದು ಪರ್ಯಾಯವಲ್ಲ.

ಕಾವ್ಯಪರಂಪರೆಯೂ ಈ ವಿಷಯದಲ್ಲಿ ಮೂಕವಾಗಿಲ್ಲ. ಪಂಪನು 941ರ ಸುಮಾರಿನ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ವಿಸ್ತಾರವಾಗಿಯೇ ವರ್ಣಿಸಿರುವನು. ಜೈನಶ್ರಾವಕರಿಗೆ ಮದ್ಯವು ವರ್ಜ್ಯ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದ ಓದುಗರಿಗೆ ಜೈನಕವಿಯ ಈ ಪ್ರಕರಣವು ಸೋಜಿಗವೆನಿಸಬಹುದು; ಆದರೆ ವ್ರತವು ಕುಡಿಯುವುದನ್ನು ತಡೆಯಿತಲ್ಲದೆ ಬಲ್ಲುದನ್ನು ತಡೆಯಲಿಲ್ಲ.

ತುಳುನಾಡಿನಲ್ಲಿ ಈ ಅರಿವಿನ ನಿಜವಾದ ಭಂಡಾರಿಗಳು ಮೂರ್ತೆಯವರು. ಬೆಳಗಿನ ಕಳ್ಳು ಸಿಹಿ, ಹೊತ್ತೇರಿದಂತೆ ಹುಳಿ, ಮಡಕೆಗೆ ಸುಣ್ಣ ಸವರಿದರೆ ಹುಳಿಯದು. ಯಾವ ಗಳಿಗೆಯಲ್ಲಿ ಯಾವ ಗುಣವೆಂಬುದನ್ನು ಅವರು ಮೂಸಿಯೇ ಹೇಳಬಲ್ಲರು. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಕಳ್ಳು ದುಃಖದ ಒಡನಾಡಿಯಾಗಿ ಬರುವುದಲ್ಲದೆ ಆಸ್ವಾದದ ವಸ್ತುವಾಗಿ ಅಲ್ಲ, ಕಸುಬಿನವರ ಮಾತು ಸಾಹಿತ್ಯಕ್ಕೆ ಇಳಿದದ್ದು ಕಡಿಮೆಯೇ. ಉಡುಪಿಯಲ್ಲಿ 1988ರಿಂದ 1997ರ ವರೆಗೆ ಆರು ಸಂಪುಟಗಳಾಗಿ ಹೊರಬಂದ ತುಳು ನಿಘಂಟುವನ್ನು ಕೈಯಲ್ಲಿ ಹಿಡಿದು, ಈ ಕಸುಬಿನ ಹಿರಿಯರು ಇರುವಾಗಲೇ ಅವರೆದುರು ಕುಳಿತು, ಸಿಹಿಗೂ ಹುಳಿಗೂ ನಡುವಣ ಮೆಟ್ಟಿಲುಗಳಿಗೆ ಅವರಿಡುವ ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳಬೇಕಾಗಿದೆ.